ರಕ್ತಪಿಶಾಚಿಗೆ ಧಾರವಾಡದಲ್ಲಿ ಬಾಡಿಗೆ ಮನೆ: ನನ್ನ ಕಾದಂಬರಿ, ನನ್ನ ಅನುಭವ

ಮೊದಲ ಮುದ್ರಣದ 500 ಪ್ರತಿಗಳಲ್ಲಿ ಈಗ ನನ್ನ ಹತ್ತಿರ ಉಳಿದಿರುವುದು ಹನ್ನೊಂದು. "ರಕ್ತ ಕುಡಿಯೋ ಕಥಿ ನಮ್ಮ ಕಡೆ ನಡೆಯಂಗಿಲ್ಲರೀ, ಬೇಕಾದ್ರ ಬೆಂಗಳೂರಾಗ ಇಡ್ರಿ" ಎಂದವರು ಒಬ್ಬಿಬ್ಬರಲ್ಲ. ಇಬ್ಬರು ಪ್ರಕಾಶಕರು, ಭಾನುವಾರ ಕೂಡಿ ಓದುವ ನಮ್ಮ ಗೆಳೆಯರು, ಕೊನೆಗೆ ನನ್ನ ತಮ್ಮ ಕೂಡ ಹಾಗೇ ಅಂದ. ಈಗ ಅವರಲ್ಲೇ ಕೆಲವರು ಹೇಗೆ ಬರೆದಿ ಎಂದು ಕೇಳುತ್ತಿದ್ದಾರೆ. ಅದಕ್ಕೇ ಇದು.

ಕಥೆ ಇಷ್ಟೇ. ಹುಬ್ಬಳ್ಳಿಯ ಮೆಡಿಕಲ್ ಶಾಪಿನಲ್ಲಿ ರಾತ್ರಿ ಪಾಳಿ ಮಾಡುವ ಮೂವತ್ತರ ಹುಡುಗ ರಕ್ತಪಿಶಾಚಿಯಾಗುತ್ತಾನೆ. ಆಮೇಲೂ ಬದುಕಬೇಕಲ್ವಾ? ಬಾಡಿಗೆ ಕಟ್ಟಬೇಕು, ಅವ್ವನಿಗೆ ಉತ್ತರ ಹೇಳಬೇಕು, ಬೆಳಗಾಗುವುದರೊಳಗೆ ಮನೆ ಸೇರಬೇಕು. ನಾನೂ ಆರು ವರ್ಷದಿಂದ ರಾತ್ರಿ ಪಾಳಿಯವನೇ. ಕೆಲಸ ಹುಬ್ಬಳ್ಳಿಯ ವಿದ್ಯಾನಗರದ ಅಂಗಡಿಯೊಂದರಲ್ಲಿ, ಮನೆ ಧಾರವಾಡದಲ್ಲಿ. ಊರೆಲ್ಲ ಏಳುವಾಗ ಮಲಗುವುದು ಅಂದರೇನು ಅಂತ ನನಗೆ ಗೊತ್ತು.

ಮೂರು ಸಲ ಬರೆದೆ. ಮೊದಲ ಸಲ ಗೆಳೆಯರ ಮಾತು ಕೇಳಿ ಬೆಂಗಳೂರಿನಲ್ಲಿಟ್ಟೆ. ಎಂಟು ತಿಂಗಳು, 140 ಪುಟ. ಮೆಜೆಸ್ಟಿಕ್ ಬಿಟ್ಟು ನನಗೆ ಆ ಊರು ಗೊತ್ತಿಲ್ಲ, ಅದು ಸಾಲುಸಾಲಿನಲ್ಲೂ ಕಾಣುತ್ತಿತ್ತು. ಎರಡನೇ ಸಲ ಹಾಳು ಕೋಟೆ, ಮಂಜು, ನಾಯಿ ಊಳಿಡುವುದು. ಭಾನುವಾರದ ಗೆಳೆಯರಿಗೆ 90 ಪುಟ ಓದಿ ತೋರಿಸಿದೆ. ಎಲ್ಲರೂ ಸುಮ್ನೆ ಕೇಳಿ ಚಹಾಕ್ಕೆ ಎದ್ದರು. ಮುಂದೇನಾಯಿತು ಅಂತ ಒಬ್ಬರೂ ಕೇಳಲಿಲ್ಲ. ಅವತ್ತು ಎರಡೂ ಕಟ್ಟು ಅಟ್ಟಕ್ಕೆ ಹಾಕಿದೆ.

ಮೂರನೇ ಸಲ ಕಥೆ ಬರೆಯಲೇ ಇಲ್ಲ. ಹುಬ್ಬಳ್ಳಿಯ ದುರ್ಗದಬೈಲಿನಿಂದ ಒಂದು ಕೀರ್ದಿ ಪುಸ್ತಕ ತಂದು ನಾಯಕನ ಒಂದು ತಿಂಗಳ ಲೆಕ್ಕ ಬರೆದೆ. ಪಗಾರ 14,000. ಬಾಡಿಗೆ 4,500. ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನ ಖರ್ಚು. ಊಟದ ಖರ್ಚು ಸೊನ್ನೆ. ರಕ್ತ? ಅಲ್ಲಿ ಪೆನ್ನು ನಿಂತಿತು. ಎಲ್ಲೆಲ್ಲಿ ಪೆನ್ನು ನಿಂತಿತೋ ಅಲ್ಲಲ್ಲಿ ಒಂದು ಅಧ್ಯಾಯ. ನನ್ನ ವಿಧಾನ ಇದೇ. ಹೀಗೆ 17 ಅಧ್ಯಾಯ ಹೊರಟವು.

ರಕ್ತದ ಲೆಕ್ಕಕ್ಕೇ ಜಾಸ್ತಿ ದಿನ ಹಿಡಿಯಿತು. ಒಂದು ಚೀಲ ಅಂದರೆ 350 ಮಿಲಿ, ಇಲ್ಲವೇ 450. ಎರಡರಿಂದ ಆರು ಡಿಗ್ರಿ ತಂಪಿನಲ್ಲಿ ಇಡಬೇಕು, ಮಾಮೂಲಿ ಚೀಲದಲ್ಲಿ 35 ದಿನ ಬಾಳುತ್ತದೆ. ಆಸ್ಪತ್ರೆಯ ಚೀಟಿ ಇಲ್ಲದೆ ರಕ್ತನಿಧಿ ಕೊಡುವುದಿಲ್ಲ. ಅವಧಿ ಮುಗಿದದ್ದು ಆಸ್ಪತ್ರೆ ಕಸದ ಹಳದಿ ಚೀಲಕ್ಕೆ ಹೋಗುತ್ತದೆ, ಅಲ್ಲಿಂದ ಸುಡಲು. ನನ್ನ ನಾಯಕ ಆ ಹಳದಿ ಚೀಲದ ಹಿಂದೆ ಬೀಳುತ್ತಾನೆ. ಮೂರು ದಿನಕ್ಕೊಂದು ರಕ್ತದ ಚೀಲ ಅಂತ ಹಿಡಿದೆ. ಅಷ್ಟು ರಕ್ತದಿಂದ ಮೈಯಲ್ಲಿ ಕಬ್ಬಿಣ ಹೆಚ್ಚಾಗುವುದಿಲ್ಲವೇ? ಅದಕ್ಕೆ ಅವನು ದಿನಕ್ಕೆ ಎಂಟು ಕಪ್ ಖಡಕ್ ಚಹಾ ಕುಡಿಯುತ್ತಾನೆ ಅಂತ ಒಂದು ಇಡೀ ಅಧ್ಯಾಯ ಬರೆದಿದ್ದೆ. ನಮ್ಮ ಅಂಗಡಿಗೆ ಬರುವ ಡಾಕ್ಟರೊಬ್ಬರು ಓದಿ, ಚಹಾ ತಡೆಯುವುದು ಹೆಚ್ಚಾಗಿ ಕಾಳು-ಸೊಪ್ಪಿನ ಕಬ್ಬಿಣವನ್ನು, ರಕ್ತದ ಕಬ್ಬಿಣದ ಮೇಲೆ ಅದರ ಆಟ ಅಷ್ಟು ನಡೆಯದು ಎಂದರು. ಒಳ್ಳೆಯ ಅಧ್ಯಾಯ, ಕಿತ್ತು ಹಾಕಿದೆ. ಈಗಲೂ ಹೊಟ್ಟೆ ಉರಿಯುತ್ತದೆ.

ಇನ್ನು ಮನೆ. ನಾನಿರುವುದು ಹಳೆಯ ಹಂಚಿನ ಮನೆ. ಪಡಸಾಲೆಯ ಮೇಲೆ ಒಂದು ಗಾಜಿನ ಹಂಚು ಇದೆ. ಹಗಲಿಡೀ ಅಲ್ಲಿಂದ ಒಂದು ತುಂಡು ಬಿಸಿಲು ಬೀಳುತ್ತದೆ. ಒಂದು ಬೆಳಿಗ್ಗೆ ಪಾಳಿ ಮುಗಿಸಿ ಬಂದು ಮಲಗಿದಾಗ ಅದು ನನ್ನ ಮುಖದ ಮೇಲೆ ಬಂತು. ಎದ್ದು ಕೂತೆ. ಬಿಸಿಲೇ ಆಗದ ರಕ್ತಪಿಶಾಚಿ ಇಂಥ ಮನೆಯಲ್ಲಿ ಹೇಗೆ ಮಲಗುತ್ತಾನೆ?

ಅವತ್ತಿನಿಂದ ಸುಣ್ಣದ ಕಡ್ಡಿ ಹಿಡಿದು ತಾಸಿಗೊಮ್ಮೆ ಆ ಬಿಸಿಲಿನ ಸುತ್ತ ಗೆರೆ ಎಳೆದೆ. ಬೆಳಿಗ್ಗೆ ಪಶ್ಚಿಮದ ಕಡೆ ಇರುತ್ತದೆ, ಸಂಜೆಗೆ ಪೂರ್ವಕ್ಕೆ ಸರಿಯುತ್ತದೆ. ಅದು ಯಾರಿಗಾದರೂ ಗೊತ್ತು. ಆದರೆ ನಮ್ಮಲ್ಲಿ ಹೊತ್ತು ನೆತ್ತಿಗೆ ಬರುವುದು ಹನ್ನೆರಡಕ್ಕಲ್ಲ, ಹೆಚ್ಚುಕಡಿಮೆ ಹನ್ನೆರಡೂವರೆಗೆ. ನಮ್ಮ ಗಡಿಯಾರ ನಡೆಯುವುದು ಪೂರ್ವದ ಕಡೆಯ ರೇಖಾಂಶದ ಲೆಕ್ಕದಲ್ಲಿ, ಧಾರವಾಡ ಇರುವುದು ಅದರ ಪಶ್ಚಿಮಕ್ಕೆ. ಆ ಗಾಜಿನ ಹಂಚು ಇರುವುದು ನೆಲದಿಂದ ಸುಮಾರು ಹತ್ತಡಿ ಎತ್ತರದಲ್ಲಿ. ಡಿಸೆಂಬರ್ ಕೊನೆಗೆ ನಡುಹಗಲಿನ ಬಿಸಿಲು ಹಂಚಿನಿಂದ ಎಂಟಡಿ ಉತ್ತರಕ್ಕೆ ಬಿತ್ತು. ಮೇ ಮೊದಲ ವಾರ ಸರಿಯಾಗಿ ಹಂಚಿನ ಕೆಳಗೇ ಬಿತ್ತು. ಆಗ ಸೂರ್ಯ ನಮ್ಮ ನೆತ್ತಿಯ ಮೇಲೆಯೇ ಹಾದು ಹೋಗುತ್ತಾನೆ. ಇದೇ ಕಾದಂಬರಿಯ ಬೆನ್ನೆಲುಬಾಯಿತು. ನಾಯಕ ತಿಂಗಳಿಗೊಮ್ಮೆ ಮಂಚ ಸರಿಸುತ್ತಾನೆ. ಹೊಸ ಬದುಕಿಗೆ ಅವನು ಎಷ್ಟು ಹೊಂದಿಕೊಂಡಿದ್ದಾನೆ ಅಂತ ಮಂಚ ಎಲ್ಲಿದೆ ಅನ್ನುವುದರಿಂದಲೇ ಗೊತ್ತಾಗುತ್ತದೆ. ಹಂಚಿಗೆ ಒಂದು ತಗಡು ಮುಚ್ಚಿದರೆ ಆಯ್ತಲ್ಲ ಎಂದು ಕೇಳುವವರಿದ್ದಾರೆ. ಯಾಕೆ ಮುಚ್ಚುವುದಿಲ್ಲ ಅನ್ನುವುದು ಹನ್ನೆರಡನೇ ಅಧ್ಯಾಯ. ಅದನ್ನು ಓದಿಯೇ ತಿಳಿಯಿರಿ.

ರಕ್ತಪಿಶಾಚಿಗೆ ಬೆಳ್ಳುಳ್ಳಿ ಆಗುವುದಿಲ್ಲ ಅನ್ನುತ್ತಾರಲ್ಲ, ಆ ಪ್ರಯೋಗವನ್ನೂ ಮಾಡಿದೆ. 21 ದಿನ ಬಿಟ್ಟೆ. ನಮ್ಮ ಮನೆಯಲ್ಲಿ ಇದು ಸುಲಭವಲ್ಲ, ಝುಣಕದಲ್ಲೂ ಅದೇ, ಚಟ್ನಿಪುಡಿಯಲ್ಲೂ ಅದೇ. ಒಂಬತ್ತನೇ ದಿನಕ್ಕೆ ಬಸ್ಸಿನಲ್ಲಿ ಪಕ್ಕದವರ ಡಬ್ಬಿ ತೆರೆಯದೆಯೇ ಒಳಗೇನಿದೆ ಅಂತ ಹೇಳಬಲ್ಲವನಾದೆ. ಹಾಗಾಗಿ ನಾಯಕನನ್ನು ಧಾರವಾಡದ ಮಾಳಮಡ್ಡಿಯಲ್ಲಿ, ಉಳ್ಳಾಗಡ್ಡಿ-ಬೆಳ್ಳುಳ್ಳಿ ಒಳಗೆ ತಾರದ ಅಜ್ಜಿಯ ಮನೆಗೆ ಬಾಡಿಗೆಗೆ ಕಳಿಸಿದೆ. ಅವ್ವ ಮಾತ್ರ ಪ್ರತಿ ವಾರ ಬುತ್ತಿ ಕಳಿಸುತ್ತಾಳೆ. "ಯಾಕೋ ತಮ್ಮಾ, ಡಬ್ಬಿ ಹಂಗ ಬಂದೈತಿ?" "ಹಸಿವಿರಲಿಲ್ಲಬೇ." ಈ ಎರಡು ಸಾಲು ಬರೆದ ರಾತ್ರಿ ನನಗೆ ಮುಂದೆ ಬರೆಯಲಾಗಲಿಲ್ಲ.

ರಕ್ತಪಿಶಾಚಿ ಕನ್ನಡಿಯಲ್ಲಿ ಕಾಣುವುದಿಲ್ಲ ಅನ್ನುತ್ತಾರೆ, ಅದರ ಬಗ್ಗೆಯೂ ಸ್ವಲ್ಪ ಹೇಳುತ್ತೇನೆ. ಒಳ್ಳೆಯ ಕನ್ನಡಿಗೆ ಬೆಳ್ಳಿಯ ಲೇಪ, ಅಗ್ಗದ್ದಕ್ಕೆ ಅಲ್ಯೂಮಿನಿಯಂ. ಹಳೆಯ ರೋಲ್ ಫೋಟೊದಲ್ಲೂ ಬೆಳ್ಳಿಯ ಲವಣವಿತ್ತು, ಫೋನಿನ ಕ್ಯಾಮೆರಾದಲ್ಲಿ ಅದಿಲ್ಲ. ಅವನನ್ನು ಕಾಣಗೊಡದಿರುವುದು ಬೆಳ್ಳಿ ಅಂತ ಹಿಡಿದರೆ ಸಾಕು, ಕಟಿಂಗ್ ಅಂಗಡಿಯ ದೃಶ್ಯ ತಾನೇ ಬರೆಸಿಕೊಂಡು ಹೋಗುತ್ತದೆ.

ಒಳಗಿದ್ದವರು ಕರೆಯದೆ ರಕ್ತಪಿಶಾಚಿ ಮನೆಯೊಳಗೆ ಬರುವಂತಿಲ್ಲ ಅನ್ನುವ ನಿಯಮ ಎರಡು ತಿಂಗಳು ಕಾಡಿತು. ಬಾಗಿಲಲ್ಲಿ ನಿಂತವರಿಗೆ "ಬರ್ರಿ ಒಳಗ, ಚಾ ಕುಡದು ಹೋಗ್ರಿ" ಅನ್ನದ ಮನೆ ನಮ್ಮ ಕಡೆ ಎಲ್ಲಿದೆ? ನಿಯಮಕ್ಕೆ ಬಲವೇ ಇಲ್ಲ. ಆಮೇಲೆ ನೆನಪಾಯಿತು. ನಾನು ಸಣ್ಣವನಿದ್ದಾಗ, 90ರ ದಶಕದಲ್ಲಿ, ದೆವ್ವ ಒಳಗೆ ಬಾರದಿರಲೆಂದು ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆಯುತ್ತಿದ್ದರು. ಬರ್ರಿ ಅನ್ನುವುದಕ್ಕೆ ಸರಿಯಾಗಿ ಎದುರು ಮಾತು! ನಾಯಕ ತನ್ನ ಮನೆಯ ಮುಂದೆ ನಿಂತಿದ್ದಾನೆ. ಬಾಗಿಲ ಮೇಲೆ ಅಪ್ಪ ಬರೆದ, ಅರ್ಧ ಅಳಿಸಿದ "ನಾಳೆ ಬಾ". ಒಳಗಿನಿಂದ ಅವ್ವ "ಬಾರೋ ಒಳಗ" ಅನ್ನುತ್ತಾಳೆ. ಯಾವ ಮಾತು ಗೆದ್ದಿತು ಎಂದು ಇಲ್ಲಿ ಹೇಳಲಾರೆ. ಇಂಥ ದೃಶ್ಯ ಕನ್ನಡದಲ್ಲಿ ಬೇರೆ ಯಾರೂ ಬರೆದದ್ದನ್ನು ನಾನು ಕಂಡಿಲ್ಲ.

ಹುಬ್ಬಳ್ಳಿ ರೈಲು ನಿಲ್ದಾಣದ 1,507 ಮೀಟರ್ ಪ್ಲಾಟ್‌ಫಾರ್ಮನ್ನು ನಸುಕಿನಲ್ಲಿ ಈ ತುದಿಯಿಂದ ಆ ತುದಿಗೆ ನಡೆದೂ ನೋಡಿದೆ. 19 ನಿಮಿಷ. ಕಾದಂಬರಿಯಲ್ಲಿ ಅದು ಅರ್ಧ ಪುಟಕ್ಕಷ್ಟೇ ಬಂತು.

ಮುದ್ರಣದಲ್ಲಿ ಪೆಟ್ಟು ತಿಂದೆ. ನಾನು ಫೋನಿನಲ್ಲಿ ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದೆ. ಡಿಟಿಪಿಯವರು ಅದನ್ನು ಹಳೆಯ ನುಡಿ ಫಾಂಟಿಗೆ ತಿರುಗಿಸಿದಾಗ ಅರ್ಕಾವತ್ತೆಲ್ಲ ಚೆಲ್ಲಾಪಿಲ್ಲಿ. ಅದನ್ನು ಸರಿ ಮಾಡುವಷ್ಟರಲ್ಲಿ ಕರಡು ತಿದ್ದುವವರು ಮಾತುಗಳಲ್ಲಿದ್ದ "ಹೋಗ್ಯಾನ", "ಬಂದೈತಿ" ಎಲ್ಲವನ್ನೂ "ಹೋಗಿದ್ದಾನೆ", "ಬಂದಿದೆ" ಮಾಡಿಟ್ಟಿದ್ದರು. ಮೂವತ್ತು ಪುಟ! ಮೂರು ವಾರ ಮತ್ತು ಸುಮಾರು 6,000 ರೂಪಾಯಿ ಅಲ್ಲಿ ಹೋಯಿತು. ಆಮೇಲೆ ಗದಗಕ್ಕೆ ಹೋದೆ. ಮುದ್ರಣಕ್ಕೆ ಹೆಸರಾದ ಊರು, ಕೆಲಸ ಬಲ್ಲವರು ಸಿಕ್ಕರು. ಡೆಮಿ 1/8 ಅಳತೆ, 232 ಪುಟ, 70 ಗ್ರಾಂ ಕಾಗದ, ಮುಖಪುಟ ಸೇರಿ 46,000 ಆಸುಪಾಸು. ಮೊದಲಿನದ್ದು, ಬಿಡುಗಡೆ, ಓಡಾಟ ಎಲ್ಲ ಕೂಡಿಸಿದರೆ 58,000. ದುಡ್ಡು ನನ್ನ ಹೆಂಡತಿ ಎತ್ತಿದ ಚೀಟಿಯದು. ಬೆಲೆ 220 ಇಟ್ಟೆ. ಅಂಗಡಿಯವರು ನೂರಕ್ಕೆ ನಲವತ್ತು ಹಿಡಿದರು. ಒಬ್ಬರು 40 ಪ್ರತಿ ಒಯ್ದು ದುಡ್ಡೂ ಕೊಡಲಿಲ್ಲ, ಪುಸ್ತಕವೂ ಮರಳಿಸಲಿಲ್ಲ. ಹೆಚ್ಚು ಹೋದದ್ದು ನಾನೇ ಅಂಚೆಯಲ್ಲಿ ಕಳಿಸಿದ ಪ್ರತಿಗಳು. ಬಂದದ್ದು 65 ಸಾವಿರದ ಮೇಲೆ. ಚೀಟಿ ದುಡ್ಡು ಹೆಂಡತಿಗೆ ತಿರುಗಿ ಕೊಟ್ಟೆ.

ಈಗ ಎರಡನೇ ಮುದ್ರಣ ಗದಗದಲ್ಲೇ ನಡೆದಿದೆ. ಹಾವೇರಿ ಕಡೆಯ ನಿವೃತ್ತ ಮಾಸ್ತರರೊಬ್ಬರು ಪತ್ರ ಬರೆದು ಒಂದು ತಪ್ಪು ತೋರಿಸಿದ್ದಾರೆ. ಜೂನ್‌ನಲ್ಲಿ ಮೋಡ ಕವಿದಿತ್ತೆಂದು ನಾನು ಗೆರೆ ಎಳೆದಿರಲಿಲ್ಲ, ಅಂದಾಜಿನಲ್ಲಿ ಬರೆದಿದ್ದೆ. ಆ ತಿಂಗಳು ಸೂರ್ಯ ನಮಗಿಂತ ಉತ್ತರಕ್ಕಿರುತ್ತಾನೆ, ನಡುಹಗಲಿನ ಬಿಸಿಲು ಒಂದೂವರೆ ಅಡಿ ದಕ್ಷಿಣಕ್ಕೆ ಬೀಳುತ್ತದೆ. ನಾನು ಮಂಚ ಇಟ್ಟದ್ದೂ ಅಲ್ಲೇ. ಈ ಸಲ ಅದನ್ನು ಉತ್ತರದ ಗೋಡೆಗೆ ಹಚ್ಚಿದ್ದೇನೆ.