ನರ್ಸಿಂಗ್, ಫಿಸಿಯೋಥೆರಪಿ ಓದುವ ಗಡಿನಾಡ ಮಕ್ಕಳು ಸ್ಕಾಲರ್‌ಶಿಪ್ ಪಡೆಯುವುದು ಹೇಗೆ?

ಪ್ಲಸ್ ಟು ಮುಗಿಸಿದ, ಕಾಸರಗೋಡಿನ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಎಷ್ಟೋ ಮಕ್ಕಳು ಮಂಗಳೂರಿನ ನರ್ಸಿಂಗ್, ಫಿಸಿಯೋಥೆರಪಿ ಕಾಲೇಜುಗಳಿಗೆ ಸೇರುತ್ತಾರೆ. ಸೀಟು ಹಿಡಿಯುವ ಗಡಿಬಿಡಿಯಲ್ಲಿ ಸ್ಕಾಲರ್‌ಶಿಪ್ ಮರೆತೇ ಹೋಗುತ್ತದೆ. ಅಂಕ ಚೆನ್ನಾಗಿದ್ದರೂ ಕಾಗದಪತ್ರ ಸರಿಯಿಲ್ಲದೆ ಹಣ ತಪ್ಪಿದರೆ ಬೇಸರವಲ್ವಾ? ಹಾಗಾಗಿ ಫಲಿತಾಂಶಕ್ಕೆ ಮೊದಲೇ ತಯಾರಿ ಶುರುವಾಗಲಿ.

ಓದುವುದು ಮಂಗಳೂರಿನಲ್ಲಾದರೂ ನೀವು ಕೇರಳದ ನಿವಾಸಿ. ಗಡಿನಾಡ ಕನ್ನಡಿಗರೆಂದು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮೂಲಕ ಸೀಟು ಸಿಕ್ಕ ಮಾತ್ರಕ್ಕೆ ಕರ್ನಾಟಕದ ಸ್ಕಾಲರ್‌ಶಿಪ್ ತಾನಾಗಿ ಬರುವುದಿಲ್ಲ. ಕೇರಳದಲ್ಲಿ ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗದವರಿಗೆ ಇ-ಗ್ರಾಂಟ್ಸ್ ಎಂಬ ಸರ್ಕಾರಿ ವಿದ್ಯಾರ್ಥಿವೇತನ ಇದೆ. ಹೊರರಾಜ್ಯದ ಕಾಲೇಜಿಗೆ, ಮ್ಯಾನೇಜ್‌ಮೆಂಟ್ ಸೀಟಿಗೆ ಅದು ಸಿಗುತ್ತದೆಯೇ ಎಂದು ಫೀಸು ಕಟ್ಟುವ ಮುಂಚೆಯೇ ಇಲಾಖೆಯ ಕಚೇರಿಯಲ್ಲಿ ಕೇಳಿ. ಮುಂದುವರಿದ ಸಮುದಾಯದ ಬಡ ಮಕ್ಕಳಿಗೆ ಕೇರಳದ ವಿದ್ಯಾಸಮುನ್ನತಿ ಸ್ಕಾಲರ್‌ಶಿಪ್ ಇದೆ.

ಕೇಂದ್ರ ಸರ್ಕಾರದ ಸೆಂಟ್ರಲ್ ಸೆಕ್ಟರ್ ಸ್ಕಾಲರ್‌ಶಿಪ್‌ಗೆ ಗಡಿ ಅಡ್ಡಬರುವುದಿಲ್ಲ. ನಿಮ್ಮ ಪ್ಲಸ್ ಟು ಬೋರ್ಡಿನಲ್ಲಿ 80ನೇ ಪರ್ಸೆಂಟೈಲ್‌ಗಿಂತ ಮೇಲಿರಬೇಕು, ಅಂದರೆ ಅಂಕದಲ್ಲಿ ಮೊದಲ ಶೇ 20ರಷ್ಟು ಮಕ್ಕಳಲ್ಲಿ ಒಬ್ಬರಾಗಿರಬೇಕು. ಮನೆಯ ವಾರ್ಷಿಕ ವರಮಾನ 4.5 ಲಕ್ಷ ರೂಪಾಯಿ ಮೀರಬಾರದು. ಬೇರೆ ಸ್ಕಾಲರ್‌ಶಿಪ್ ಪಡೆಯುತ್ತಿರಬಾರದು. ಪದವಿಯ ಮೊದಲ ಮೂರು ವರ್ಷ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ.

ಈಗ ಕಾಗದಪತ್ರ. ಜಾಸ್ತಿ ಅರ್ಜಿಗಳು ಸಿಕ್ಕಿಕೊಳ್ಳುವುದು ಇಲ್ಲೇ. ಎಸ್‌ಎಸ್‌ಎಲ್‌ಸಿ ಪುಸ್ತಕ, ಆಧಾರ್, ಪಾಸ್‌ಬುಕ್ ಮೂರನ್ನೂ ಎದುರಿಗಿಟ್ಟು ಹೆಸರು ನೋಡಿ. ಒಂದರಲ್ಲಿ ಇನಿಶಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ ಇದ್ದರೆ ಈಗಲೇ ಸರಿಮಾಡಿಸಿ. ವರಮಾನದ ಸರ್ಟಿಫಿಕೇಟಿಗೆ ಅಕ್ಷಯ ಕೇಂದ್ರದಲ್ಲಿ (ಕೇರಳದ ಆನ್‌ಲೈನ್ ಸೇವಾ ಕೇಂದ್ರ) ಅರ್ಜಿ ಹಾಕಿ; ವಿಲೇಜ್ ಆಫೀಸಿನಿಂದ ಬರುತ್ತದೆ.

ಬ್ಯಾಂಕಿಗೆ ಆಧಾರ್ ಜೆರಾಕ್ಸ್ ಕೊಟ್ಟಿದ್ದೇವೆ ಎಂದು ಸುಮ್ನೆ ಕೂರಬೇಡಿ. ಸರ್ಕಾರದ ಹಣ ನೇರವಾಗಿ ಬೀಳಲು ಬೇಕಾದ ಡಿಬಿಟಿ ಜೋಡಣೆ ಖಾತೆಗೆ ಆಗಿದೆಯೇ ಎಂದು ಕೇಳಿ. ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ ಹಣ ಹೋಗುತ್ತದೆ. ಅದು ಶಾಲೆಯ ಕಾಲದ, ಈಗ ನಿಂತುಹೋದ ಖಾತೆಯಾಗಿದ್ದರೆ ಹಣ ಕೈಸೇರದು.

ಆಮೇಲೆ ಕೇಂದ್ರದ ಸ್ಕಾಲರ್‌ಶಿಪ್‌ಗಾಗಿ ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ಒಂದು ಸಲ ನೋಂದಣಿ ಮಾಡಿ, ಓಟಿಆರ್ ನಂಬರ್ ಪಡೆದು ಅರ್ಜಿ ತುಂಬಿ. ಸಬ್ಮಿಟ್ ಒತ್ತಿದರೆ ಕೆಲಸ ಮುಗಿಯಲಿಲ್ಲ. ಕಾಲೇಜಿನವರು ಪರಿಶೀಲಿಸಿ ಒಪ್ಪಿದರಷ್ಟೇ ಅರ್ಜಿ ಮುಂದೆ ಹೋಗುತ್ತದೆ. ಸ್ಕಾಲರ್‌ಶಿಪ್ ನೋಡಿಕೊಳ್ಳುವ ಸಿಬ್ಬಂದಿ ಯಾರೆಂದು ತಿಳಿದು, ಪ್ರಿಂಟ್ ಕೊಟ್ಟು, ವಾರಕ್ಕೊಮ್ಮೆ ವಿಚಾರಿಸಿ. ತಪ್ಪಿದೆ ಎಂದು ವಾಪಸ್ ಬಂದ ಅರ್ಜಿಯನ್ನು ಕೊನೆಯ ದಿನದೊಳಗೆ ತಿದ್ದಿ ಕಳಿಸಬೇಕು.

ಕೇಂದ್ರದ ಈ ಸ್ಕಾಲರ್‌ಶಿಪ್ ಮರುವರ್ಷ ರಿನ್ಯೂವಲ್ ಮಾಡಲು ಶೇ 50 ಅಂಕ, ಶೇ 75 ಹಾಜರಿ ಬೇಕು. ವರಮಾನದ ಸರ್ಟಿಫಿಕೇಟಿನ ಅವಧಿ ಮುಗಿದಿದ್ದರೆ ರಜೆಗೆ ಊರಿಗೆ ಬಂದಾಗಲೇ ಹೊಸದು ಮಾಡಿಸಿಕೊಳ್ಳಿ.