ವಿಡಿಯೋ ಕರೆಯಲ್ಲಿ ಅಮ್ಮನ ಕಾಲು ಕಾಣಿಸುವುದಿಲ್ಲ

ನಾನು ಫಿಸಿಯೋಥೆರಪಿಸ್ಟ್. ಇಂಗ್ಲೆಂಡಿನ ರೆಡಿಂಗ್ ಪಟ್ಟಣದ ಆಸ್ಪತ್ರೆಯೊಂದರಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿದೆ. ಸೊಂಟದ ಮೂಳೆ ಮುರಿದುಕೊಂಡು ಬಂದ ವೃದ್ಧರನ್ನು ಹಾಸಿಗೆಯಿಂದ ಎಬ್ಬಿಸಿ ಮತ್ತೆ ನಡೆಯುವಂತೆ ಮಾಡುವುದು ನನ್ನ ಕೆಲಸ. ಕುರ್ಚಿಯಿಂದ ಏಳುವಾಗ ಅವರು ಕೈಯನ್ನು ಎಲ್ಲಿ ಊರುತ್ತಾರೆ, ಎದ್ದ ಮೇಲೆ ಮೊದಲ ಹೆಜ್ಜೆ ಇಡಲು ಎಷ್ಟು ಹೊತ್ತು ಹಿಂಜರಿಯುತ್ತಾರೆ, ತಿರುಗುವಾಗ ಎಷ್ಟು ಹೆಜ್ಜೆ ಹಾಕುತ್ತಾರೆ, ಇವನ್ನೆಲ್ಲ ನೋಡಿ ಯಾರು ಇನ್ನೊಮ್ಮೆ ಬೀಳಬಹುದು ಎಂದು ಹೇಳಬಲ್ಲೆ. ಅದೇ ನಾನು ಪ್ರತಿದಿನ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುನ್ನ ಮುಂಬೈ ಬಳಿಯ ಡೊಂಬಿವಲಿಯಲ್ಲಿದ್ದ ಅಮ್ಮನಿಗೆ ವಿಡಿಯೋ ಕರೆ ಮಾಡುತ್ತಿದ್ದೆ. ಅಲ್ಲಿ ಆಗ ಮಧ್ಯಾಹ್ನದ ಊಟದ ಹೊತ್ತು. ಅಮ್ಮ ನಗುತ್ತಿದ್ದಳು, ಸಾರಿಗೆ ಏನು ಹಾಕಿದೆ ಎಂದು ಹೇಳುತ್ತಿದ್ದಳು. ಪರದೆಯಲ್ಲಿ ಕಾಣುತ್ತಿದ್ದುದು ಅವಳ ಮುಖ ಮಾತ್ರ. ಅವಳು ನಡೆಯುವುದನ್ನು ನಾನು ಮೂರು ವರ್ಷ ನೋಡಿರಲಿಲ್ಲ.

ಮರಳಿ ಬರಬೇಕೇ ಬೇಡವೇ ಎಂಬ ಮಾತು ನಮ್ಮ ಮನೆಯಲ್ಲಿ ಶುರುವಾಗಿ ಎಂಟು ವರ್ಷಗಳಾಗಿದ್ದವು. ಡಿಸೆಂಬರ್‌ನಲ್ಲಿ ರಜೆಗೆ ಬಂದಾಗಲೆಲ್ಲ ಬಂದುಬಿಡೋಣ ಅನಿಸುತ್ತಿತ್ತು. ಜನವರಿಯಲ್ಲಿ ಹಿಂತಿರುಗಿದ ಮೇಲೆ ಮಗನ ಶಾಲೆ, ನನ್ನ ಪಾಳಿ, ಮನೆ ಸಾಲದ ಕಂತು ಎಲ್ಲ ಮತ್ತೆ ತಮ್ಮ ಜಾಗ ಹಿಡಿಯುತ್ತಿದ್ದವು. ಹೀಗೆ ದಿನ ತಳ್ಳುವುದು ನನಗೆ ಹೊಸದಲ್ಲ, ಅಪ್ಪಯ್ಯನಿಂದ ಬಂದದ್ದು. ಅವರು 1962ರಲ್ಲಿ ಕುಂದಾಪುರದ ಬಳಿಯ ಹಳ್ಳಿಯಿಂದ ಮುಂಬೈಗೆ ಬಂದವರು. ಹಗಲು ಫೋರ್ಟ್‌ನ ಹೋಟೆಲಿನಲ್ಲಿ ಕೆಲಸ, ರಾತ್ರಿ ಶಾಲೆಯಲ್ಲಿ ಓದು, ಆಮೇಲೆ ಬ್ಯಾಂಕಿನ ಗುಮಾಸ್ತೆ. ನಿವೃತ್ತಿಯ ಮೇಲೆ ಊರಿಗೆ ಹೋಗುವುದೆಂದು 1995ರಲ್ಲಿ ಅಲ್ಲೊಂದು ಮನೆ ಕಟ್ಟಿಸಿದರು. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗಿ ಊರು ಒಂದು ರಾತ್ರಿಯ ದೂರವಾಯಿತು. ಆದರೂ ಅಪ್ಪಯ್ಯನ ಬಾಯಲ್ಲಿ ಒಂದೇ ಮಾತು: "ಈ ಮಳೆಗಾಲ ಕಳೆಯಲಿ, ಆಮೇಲೆ ನೋಡೋಣ." 2019ರ ಫೆಬ್ರುವರಿಯಲ್ಲಿ ಅವರು ಡೊಂಬಿವಲಿಯಲ್ಲೇ ತೀರಿಕೊಂಡರು. ಊರಿನ ಮನೆಗೆ ಹೋಗಿ ಬೀಗ ತೆಗೆದಾಗ ಬಾಗಿಲ ದಾರಂದಕ್ಕೆ ಗೆದ್ದಲು ಹಿಡಿದಿತ್ತು. ಅಪ್ಪಯ್ಯ ಒಮ್ಮೆಯೂ ಮಲಗದ ಮಂಚದ ಮೇಲೆ ಪ್ಲಾಸ್ಟಿಕ್ ಹೊದಿಕೆ ಹಾಗೆಯೇ ಇತ್ತು. ನಮ್ಮ ಕಡೆ ಮುಂಬೈ ದುಡ್ಡಿನಲ್ಲಿ ಎದ್ದು ನಿಂತು ಬೀಗ ಹಾಕಿಕೊಂಡ ಇಂಥ ಮನೆಗಳು ಎಷ್ಟಿವೆ ಎಂಬುದು ಕರಾವಳಿಯವರಿಗೆ ಗೊತ್ತು. ನಾನು ಹೆದರಿದ್ದು ಅಲ್ಲಿ. ತೀರ್ಮಾನ ಮಾಡದೆ ದಿನ ತಳ್ಳುವುದೂ ಒಂದು ತೀರ್ಮಾನವೇ ಎಂದು ಆ ಮಂಚದ ಮುಂದೆ ನಿಂತಾಗ ಅರ್ಥವಾಯಿತು.

ಅದಕ್ಕೇ 2022ರಲ್ಲಿ ಡಿಸೆಂಬರ್ ಬಿಟ್ಟು ಜೂನ್‌ನಲ್ಲಿ ಬಂದೆ. ಸಂಬಳವಿಲ್ಲದ ರಜೆ ಹಾಕಿ ಹತ್ತು ವಾರ ಇದ್ದೆ. ಶಾಲೆಗೆ ಬೇಸಿಗೆ ರಜೆ ಸಿಕ್ಕಿದ ಮೇಲೆ, ಜುಲೈ ಕೊನೆಗೆ, ಗಂಡ ಮತ್ತು ಮಗ ಬಂದು ಸೇರಿಕೊಂಡರು. ಬರುವ ಮೊದಲೇ ಕೆಲವು ಕಟ್ಟುಪಾಡು ಹಾಕಿಕೊಂಡಿದ್ದೆವು. ನೆಂಟರ ಮನೆಯ ಊಟಕ್ಕೆ ಹೋಗುವುದಿಲ್ಲ, ಊರಿಗೂ ದೇವಸ್ಥಾನಗಳಿಗೂ ಪ್ರವಾಸವಿಲ್ಲ, ಬಾಡಿಗೆ ಕಾರಿಲ್ಲ. ಇಲ್ಲಿಯೇ ಬದುಕುವವರಂತೆ ತರಕಾರಿ ತರಬೇಕು, ಬ್ಯಾಂಕಿನಲ್ಲಿ ಸಾಲಿನಲ್ಲಿ ನಿಲ್ಲಬೇಕು, ಒಣಗದ ಬಟ್ಟೆಯನ್ನು ಫ್ಯಾನಿನ ಕೆಳಗೆ ಹರಡಬೇಕು. ವಿದೇಶದಿಂದ ಮರಳುವ ಯೋಚನೆಯಲ್ಲಿರುವ ಯಾರೇ ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ: ರಜೆಯ ಕಣ್ಣಿನಿಂದ ನೋಡಿ ತೀರ್ಮಾನಿಸಬೇಡಿ, ಆ ಊರಿನ ಅತ್ಯಂತ ಕಷ್ಟದ ತಿಂಗಳಲ್ಲಿ ಬಂದು ಇದ್ದು ನೋಡಿ.

ಬಂದ ಮೂರನೆಯ ದಿನ ಅಮ್ಮನನ್ನು ಹಾಲ್‌ನಲ್ಲಿ ಕುರ್ಚಿಯ ಮೇಲೆ ಕೂರಿಸಿದೆ. ನೆಲದ ಟೈಲ್ಸ್ ಲೆಕ್ಕ ಹಾಕಿ 3 ಮೀಟರ್ ಅಳೆದು, ಕೊನೆಗೆ ಒಂದು ಸ್ಟೀಲ್ ಡಬ್ಬಿ ಇಟ್ಟೆ. ಎದ್ದು, ಡಬ್ಬಿಯವರೆಗೆ ನಡೆದು, ತಿರುಗಿ ಬಂದು ಕೂರಬೇಕು. ನಮ್ಮ ವೃತ್ತಿಯಲ್ಲಿ ಎಲ್ಲರೂ ಮಾಡುವ ಸರಳ ಪರೀಕ್ಷೆ ಇದು. 12 ಸೆಕೆಂಡು ದಾಟಿದರೆ ಬೀಳುವ ಅಪಾಯದ ಕಡೆ ಗಮನ ಕೊಡುತ್ತೇವೆ. ಅಮ್ಮ ಎರಡೂ ಕೈಯನ್ನು ತೊಡೆಯ ಮೇಲೆ ಊರಿ ಒಮ್ಮೆ ಎದ್ದು ಹಿಂದಕ್ಕೆ ಕುಸಿದಳು. ಎರಡನೆಯ ಸಲ ಎದ್ದಳು, ಟಿವಿ ಮೇಜಿನ ಅಂಚು ಹಿಡಿದಳು, ನಡೆದಳು. 17 ಸೆಕೆಂಡು. ಅವಳಿಗೆ ಆಗ 74. ಇರುವುದು ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಹಡಿ. "ಮೊಣಕಾಲು ಸ್ವಲ್ಪ ಹಿಡಿದುಕೊಳ್ಳುತ್ತದೆ, ಅಷ್ಟೆ" ಎಂದು ಫೋನಿನಲ್ಲಿ ಎಷ್ಟು ಸಲ ಕೇಳಿದ್ದೆ! ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೇರೆಯವರ ತಾಯಂದಿರನ್ನು ನಡೆಸಿ ಸಂಬಳ ಪಡೆದ ವರ್ಷಗಳೆಲ್ಲ ಕಣ್ಣ ಮುಂದೆ ಬಂದವು.

ಮರುದಿನವೇ ಅಮ್ಮನಿಗೆ ಹೇಳಿದೆ, ನಾವು ಬಂದುಬಿಡುತ್ತೇವೆ ಎಂದು. ಅವಳು ಬಸಳೆ ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. "ಬರುವುದಾದರೆ ನಿಮಗೆ ಬೇಕು ಎಂದು ಬನ್ನಿ. ನನಗೋಸ್ಕರ ಎಂದು ಬರಬೇಡಿ. ಹಾಗೆ ಬಂದರೆ ಆಮೇಲೆ ರೈಲು ತಪ್ಪಿದಾಗಲೆಲ್ಲ ನನ್ನ ಮುಖ ನೋಡುತ್ತೀರಿ" ಎಂದಳು. ಕೋಪದ ಮಾತಲ್ಲ ಅದು. ಆ ಹತ್ತು ವಾರಗಳಲ್ಲಿ ನಾನು ಕೇಳಿದ ಅತ್ಯಂತ ಉಪಯುಕ್ತ ಮಾತು. ಅಮ್ಮನ ಕಾಲನ್ನು ಬದಿಗಿಟ್ಟು ನಮ್ಮ ಮೂವರ ಬದುಕು ಇಲ್ಲಿ ನಡೆಯುತ್ತದೆಯೇ ಎಂದು ಬೇರೆಯಾಗಿಯೇ ನೋಡಬೇಕಾಯಿತು.

ನನ್ನ ಗಂಡ ಸಾಫ್ಟ್‌ವೇರ್ ಕೆಲಸದವರು. ಇಲ್ಲಿ ಅವರಿಗೆ ಕೆಲಸ ಸಿಗುವುದಾದರೆ ಬಹುಶಃ ನವಿ ಮುಂಬೈನ ಐರೋಲಿಯಲ್ಲಿ. ಕೆಲಸ ಸಿಗುವ ಮೊದಲೇ ಆ ದಾರಿಯನ್ನು ನಡೆದು ನೋಡಲಿ ಎಂದೆ. ಎಂಟು ದಿನ ಬೆಳಿಗ್ಗೆ 8ಕ್ಕೆ ಹೊರಟು, ಡೊಂಬಿವಲಿಯಿಂದ ಠಾಣೆಗೆ, ಅಲ್ಲಿ ಟ್ರಾನ್ಸ್‌ಹಾರ್ಬರ್ ಗಾಡಿ ಹಿಡಿದು ಐರೋಲಿಗೆ ಹೋಗಿ, ಅಲ್ಲೇ ಎಲ್ಲಾದರೂ ಕುಳಿತು ತಮ್ಮ ಇಂಗ್ಲೆಂಡಿನ ಕೆಲಸ ಮಾಡಿ ಸಂಜೆ ಜನಸಂದಣಿಯಲ್ಲಿ ಮರಳುತ್ತಿದ್ದರು. ನಾಲ್ಕನೆಯ ದಿನ ಹಳಿಯ ಮೇಲೆ ನೀರು ನಿಂತು ಗಾಡಿಗಳು ತಡವಾದವು. ತೊಯ್ದು ತೊಪ್ಪೆಯಾಗಿ ಬಂದವರು ಊಟ ಮುಗಿಯುವವರೆಗೆ ಮಾತಾಡಲಿಲ್ಲ. ಎಂಟನೆಯ ದಿನ ಸ್ಪಷ್ಟವಾಗಿ ಹೇಳಿದರು: "ವಾರಕ್ಕೆ ಮೂರು ದಿನ ಆಗುತ್ತದೆ. ಐದು ದಿನ ನನ್ನಿಂದ ಆಗದು." ಮುಂದೆ ಕೆಲಸ ಹುಡುಕುವಾಗ ಅದೊಂದೇ ಷರತ್ತು. ಸಂಬಳ ಹೆಚ್ಚಿದ್ದ ಒಂದು ಕಡೆ ಐದು ದಿನ ಬರಬೇಕು ಎಂದರು, ಬಿಟ್ಟೆವು.

ಮಗನ ವಿಷಯ ಇಷ್ಟು ಸುಲಭವಾಗಿರಲಿಲ್ಲ. ಹನ್ನೊಂದು ವರ್ಷದ ಹುಡುಗ, ಇಂಗ್ಲೆಂಡಿನಲ್ಲೇ ಹುಟ್ಟಿದವನು. ಅಮ್ಮಮ್ಮನ ಜೊತೆ ಕುಂದಾಪುರದ ಕನ್ನಡ ಚೆನ್ನಾಗಿ ಮಾತಾಡುತ್ತಾನೆ, ಕನ್ನಡ ಓದಲು ಬರೆಯಲು ಬರುವುದಿಲ್ಲ. ಶಾಲೆಯೊಂದರ ಪ್ರಾಂಶುಪಾಲರು ನಾಲ್ಕು ದಿನ ಅವನನ್ನು ತರಗತಿಯಲ್ಲಿ ಕೂರಿಸಿಕೊಂಡರು. ಮೂರನೆಯ ದಿನ ಮನೆಗೆ ಬಂದವನು ಹೇಳಿದ: "ನನ್ನ ಇಂಗ್ಲಿಷ್ ಕೇಳಲು ಎಲ್ಲರೂ ಸುತ್ತ ನಿಲ್ಲುತ್ತಾರೆ. ಆಟಕ್ಕೆ ಯಾರೂ ಕರೆಯುವುದಿಲ್ಲ." ಮಹಾರಾಷ್ಟ್ರದಲ್ಲಿ 2020ರ ಕಾನೂನಿನ ಪ್ರಕಾರ ಯಾವ ಪಠ್ಯಕ್ರಮದ ಶಾಲೆಯೇ ಆಗಲಿ ಮರಾಠಿ ಕಲಿಸಲೇಬೇಕು. ಅವನಿಗೆ ದೇವನಾಗರಿಯ ಒಂದು ಅಕ್ಷರವೂ ಗೊತ್ತಿರಲಿಲ್ಲ. ಮಕ್ಕಳು ಬೇಗ ಹೊಂದಿಕೊಳ್ಳುತ್ತಾರೆ ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ನಾನು ಅದನ್ನು ನಂಬುವುದಿಲ್ಲ. ಹೊಂದಿಕೊಳ್ಳುವ ಭಾರ ಮಗುವಿನ ಹೆಗಲಿಗೆ ಬೀಳದಂತೆ ದೊಡ್ಡವರು ಮೊದಲೇ ಕೆಲಸ ಮಾಡಬೇಕು. ಆ ಸೆಪ್ಟೆಂಬರ್‌ನಿಂದಲೇ ಡೊಂಬಿವಲಿಯ ಶಿಕ್ಷಕಿಯೊಬ್ಬರಿಂದ ವಾರಕ್ಕೆರಡು ಸಲ ಆನ್‌ಲೈನ್‌ನಲ್ಲಿ ಮರಾಠಿ ಪಾಠ ಹಚ್ಚಿದೆವು. ಬಂದ ಮೇಲೆ ಫುಟ್‌ಬಾಲ್ ತಂಡಕ್ಕೆ ಸೇರಿಸಿದ ನಂತರವೇ ಶಾಲೆಗೆ ಸೇರಿಸಿದೆವು. ಶಾಲೆಯ ಮೊದಲ ದಿನ ಅವನಿಗೆ ಗುರುತಿನ ಮುಖಗಳು ಎರಡಾದರೂ ಇದ್ದವು.

ಬೆಂಗಳೂರಿಗೆ ಏಕೆ ಹೋಗುವುದಿಲ್ಲ ಎಂದು ಎಲ್ಲರೂ ಕೇಳಿದರು. ಕನ್ನಡದವರು ಮರಳುವುದೆಂದರೆ ಬೆಂಗಳೂರಿಗೆ ಎಂಬ ಭಾವನೆ ಇದೆ. ನನಗೆ ಆ ಊರಿನಲ್ಲಿ ಮರಳಲು ಏನೂ ಇಲ್ಲ. ಅತ್ತೆ ಮಾವ ಹುಬ್ಬಳ್ಳಿಯಲ್ಲಿ ಮೈದುನನ ಜೊತೆ ನೆಮ್ಮದಿಯಾಗಿದ್ದಾರೆ. ನಾನು ಹುಟ್ಟಿದ್ದು, ಕನ್ನಡ ಕಲಿತದ್ದು, ಮಾಟುಂಗಾದ ಮೈಸೂರು ಅಸೋಸಿಯೇಶನ್‌ನಲ್ಲಿ ನಾಟಕ ನೋಡಿದ್ದು ಎಲ್ಲ ಈ ನಗರದಲ್ಲಿ. ಅಪ್ಪಯ್ಯನಿಗೆ ಊರು ಕುಂದಾಪುರ. ನನಗೆ ಊರು ಡೊಂಬಿವಲಿ.

ಕಾಗದಪತ್ರದ ವಿಷಯ ಬೇಗ ಹೇಳಿಬಿಡುತ್ತೇನೆ, ಆದರೆ ಒಂದು ಭಾಗ ಮುಖ್ಯ. ನಮ್ಮಲ್ಲಿ ಇದ್ದದ್ದು ಭಾರತದ ಪಾಸ್‌ಪೋರ್ಟ್ ಮತ್ತು ಬ್ರಿಟನ್ನಿನ ಐಎಲ್‌ಆರ್, ಅಂದರೆ ಅವಧಿಯ ಮಿತಿಯಿಲ್ಲದೆ ನೆಲೆಸುವ ಅನುಮತಿ. ಸತತ ಎರಡು ವರ್ಷಕ್ಕಿಂತ ಹೆಚ್ಚು ಹೊರಗೆ ಉಳಿದರೆ ಅದು ರದ್ದಾಗುತ್ತದೆ. ಬ್ರಿಟಿಷ್ ಪೌರತ್ವ ತೆಗೆದುಕೊಂಡೇ ಹೊರಡಿ ಎಂದು ಗೆಳೆಯರೆಲ್ಲ ಹೇಳಿದರು. ತೆಗೆದುಕೊಂಡರೆ ಭಾರತದ ಪೌರತ್ವ ಹೋಗುತ್ತದೆ, ವಿದೇಶಿ ಪೌರರಾದ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡಿನಲ್ಲಿ ಇರಬೇಕು, ಮತದಾನವಿಲ್ಲ, ಕೃಷಿ ಭೂಮಿ ಕೊಳ್ಳುವಂತಿಲ್ಲ. ನಾವಿಬ್ಬರೂ ಬೇಡವೆಂದೆವು. ಆದರೆ ಮಗನ ಪರವಾಗಿ ಆ ಬಾಗಿಲನ್ನು ಮುಚ್ಚುವ ಹಕ್ಕು ನಮಗಿಲ್ಲ ಅನಿಸಿತು. ಅಲ್ಲೇ ಹುಟ್ಟಿ, ಮೊದಲ ಹತ್ತು ವರ್ಷಗಳಲ್ಲಿ ಯಾವ ವರ್ಷವೂ 90 ದಿನಕ್ಕಿಂತ ಹೆಚ್ಚು ಹೊರಗಿರದ ಮಗುವಿಗೆ ಬ್ರಿಟಿಷ್ ಪೌರನಾಗಿ ನೋಂದಾಯಿಸಿಕೊಳ್ಳುವ ಹಕ್ಕು ಇದೆ. ದೊಡ್ಡವನಾದ ಮೇಲೂ ಅದನ್ನು ಬಳಸಿಕೊಳ್ಳಬಹುದು. ಅವನಿಗೆ 2021ರ ಆಗಸ್ಟ್‌ನಲ್ಲಿ ಹತ್ತು ತುಂಬಿತ್ತು. ಅವನ ಶಾಲೆಯ ದಾಖಲೆ, ವೈದ್ಯರ ದಾಖಲೆ, ಹಳೆಯ ಪಾಸ್‌ಪೋರ್ಟ್‌ಗಳನ್ನು ಒಂದು ಕಡತದಲ್ಲಿ ಕಟ್ಟಿಟ್ಟಿದ್ದೇವೆ. ತೀರ್ಮಾನ ಅವನದು.

ಹಣದ ಕಡೆ ಕೆಲವು ಮಾತು. ಬಹುಕಾಲ ಹೊರಗಿದ್ದು ಬಂದವರನ್ನು ಆದಾಯ ತೆರಿಗೆಯಲ್ಲಿ ಆರಂಭದ ಒಂದೆರಡು ವರ್ಷ ಆರ್‌ಎನ್‌ಒಆರ್, ಅಂದರೆ ಇಲ್ಲಿ ವಾಸವಿದ್ದರೂ ಇನ್ನೂ ಸಾಮಾನ್ಯ ನಿವಾಸಿಯಲ್ಲದವರು, ಎಂದು ಪರಿಗಣಿಸುತ್ತಾರೆ. ಆ ಅವಧಿಯಲ್ಲಿ ಅಲ್ಲಿನ ಬಡ್ಡಿ, ಲಾಭಾಂಶಕ್ಕೆ ಇಲ್ಲಿ ತೆರಿಗೆಯಿಲ್ಲ. ನಮಗೆ ಎರಡು ವರ್ಷ ಸಿಕ್ಕಿತು. ಅಲ್ಲಿ ತೆರಿಗೆಯಿಲ್ಲದ ಐಎಸ್‌ಎ ಉಳಿತಾಯಕ್ಕೆ ಆಮೇಲೆ ಇಲ್ಲಿ ತೆರಿಗೆ ಇದೆ, ಅದಕ್ಕೇ ಆ ಎರಡು ವರ್ಷದೊಳಗೆ ಮುಗಿಸಿಕೊಂಡೆವು. ಅನಿವಾಸಿ ಭಾರತೀಯರಿಗಾಗಿ ಇರುವ ಎನ್‌ಆರ್‌ಇ ಬ್ಯಾಂಕ್ ಖಾತೆಯನ್ನು ಬಂದ ಮೇಲೂ ಹಾಗೇ ಇಟ್ಟುಕೊಳ್ಳುವಂತಿಲ್ಲ, ಬ್ಯಾಂಕಿಗೆ ತಿಳಿಸಿ ಬದಲಿಸಬೇಕು. ಬ್ರಿಟನ್ನಿನ ಸರ್ಕಾರಿ ಪಿಂಚಣಿಗೆ ಕನಿಷ್ಠ 10 ವರ್ಷದ ವಂತಿಗೆ ಬೇಕು, ಪೂರ್ತಿ ಸಿಗಲು 35. ನಮಗೆ ಹತ್ತು ದಾಟಿತ್ತು. ಭಾರತದಲ್ಲಿದ್ದು ಪಡೆಯುವವರಿಗೆ ಆ ಪಿಂಚಣಿ ವರ್ಷ ವರ್ಷ ಏರುವುದಿಲ್ಲ, ಅದನ್ನು ನೆಚ್ಚಿಕೊಂಡು ಲೆಕ್ಕ ಹಾಕಬಾರದು. ಆರೋಗ್ಯ ವಿಮೆಯನ್ನು ಹೊರಡುವ ಮೊದಲೇ ಇಲ್ಲಿ ಮಾಡಿಸಿದೆವು. ಈಗಾಗಲೇ ಇರುವ ಕಾಯಿಲೆಗಳಿಗೆ ವರ್ಷಗಟ್ಟಲೆ ಕಾಯುವ ಅವಧಿ ಇರುತ್ತದೆ, ಆ ಎಣಿಕೆ ಬೇಗ ಶುರುವಾದಷ್ಟು ಒಳ್ಳೆಯದು.

ಬ್ರಿಟನ್ನಿನಲ್ಲಿ ನನ್ನ ವೃತ್ತಿಯ ನೋಂದಣಿಯೂ ಕಾಕತಾಳೀಯವಾಗಿ ಎರಡು ವರ್ಷದ ಲೆಕ್ಕದ್ದೇ. ಎರಡು ವರ್ಷದವರೆಗೆ ಕೆಲಸ ಬಿಟ್ಟಿದ್ದರೂ ಅಲ್ಲಿ ನೇರವಾಗಿ ಮರಳಬಹುದು. ದಾಟಿದರೆ 30 ದಿನದ ಮರುತಯಾರಿ, ಐದು ವರ್ಷ ದಾಟಿದರೆ 60 ದಿನ. ಹಾಗಾಗಿ ನಾವು ಹೇಳಿಕೊಂಡದ್ದು "ಶಾಶ್ವತವಾಗಿ ಹೋಗುತ್ತಿದ್ದೇವೆ" ಎಂದಲ್ಲ, "ಎರಡು ವರ್ಷ ಬದುಕಿ ನೋಡುತ್ತೇವೆ, ಆ ದಿನಾಂಕದಂದು ಮತ್ತೆ ಕೂತು ಮಾತಾಡುತ್ತೇವೆ" ಎಂದು. ಕ್ಯಾಲೆಂಡರಿನಲ್ಲಿ ಬರೆದಿಟ್ಟ ಆ ದಿನಾಂಕ ಇಲ್ಲದಿದ್ದರೆ ನಮ್ಮಿಂದ ಹೊರಡುವುದೇ ಆಗುತ್ತಿರಲಿಲ್ಲ.

2023ರ ಮೇನಲ್ಲಿ ಬಂದೆವು. ಅಮ್ಮ ತನ್ನ ಮನೆ ಬಿಡಲು ಒಪ್ಪಲಿಲ್ಲ. ಎದುರಿನ ಲಿಫ್ಟ್ ಇರುವ ಕಟ್ಟಡದಲ್ಲಿ ನಾವು ಬಾಡಿಗೆಗೆ ಇದ್ದೇವೆ. ಅವಳ ಕಟ್ಟಡದ ಮೆಟ್ಟಿಲಿಗೆ ಎರಡನೇ ಬದಿಯಲ್ಲೂ ಕಂಬಿ ಹಾಕಿಸಲು ಸೊಸೈಟಿಗೆ ಅರ್ಜಿ ಕೊಟ್ಟು ಐದು ತಿಂಗಳು ಓಡಾಡಿದೆ. ಹೇಗಿದ್ದರೂ ರೀಡೆವಲಪ್‌ಮೆಂಟ್‌ಗೆ, ಅಂದರೆ ಕೆಡವಿ ಹೊಸದಾಗಿ ಕಟ್ಟಲು, ಹೋಗುವ ಕಟ್ಟಡ, ಈಗೇಕೆ ಖರ್ಚು ಎಂದರು. ಕಂಬಿಯ ಹಣ ನಾವೇ ಕೊಟ್ಟೆವು.

ಕಳೆದುಕೊಂಡದ್ದು ಕಡಿಮೆಯಲ್ಲ. ನನ್ನ ಸಂಬಳ ಅಲ್ಲಿಯದರ ಐದನೇ ಒಂದು ಭಾಗ. ಮಗ ಮೊದಲ ಆರು ತಿಂಗಳು ರಾತ್ರಿ ಅಲ್ಲಿನ ಗೆಳೆಯನ ಜೊತೆ ಆಟವಾಡಲು ಎದ್ದು ಕೂರುತ್ತಿದ್ದ, ಬೈಯಲು ನನಗೆ ಮನಸ್ಸಾಗುತ್ತಿರಲಿಲ್ಲ. ಮೊದಲ ಮರಾಠಿ ಪರೀಕ್ಷೆಯಲ್ಲಿ ಅವನು ನಪಾಸಾದ. ಗಂಡನಿಗೆ ಥೇಮ್ಸ್ ದಂಡೆಯ ಬೆಳಗಿನ ನಡಿಗೆ ಇಂದಿಗೂ ನೆನಪಾಗುತ್ತದೆ, ಇಲ್ಲಿ ಆ ಮೌನಕ್ಕೆ ಬದಲಿಯಾಗಿ ಏನೂ ಸಿಕ್ಕಿಲ್ಲ ಎನ್ನುತ್ತಾರೆ. ನಾನು ಅದನ್ನು ಅಲ್ಲಗಳೆಯುವುದಿಲ್ಲ.

2025ರ ಏಪ್ರಿಲ್‌ನಲ್ಲಿ ಕೂತು ಮಾತಾಡಿದೆವು. ಟಿಕೆಟ್ ತೆಗೆಯಬೇಕೇ ಎಂದು ಗಂಡ ಕೇಳಿದರು. ಮಗ ತನ್ನ ಪಂದ್ಯದ ದಿನಾಂಕ ನೋಡಿ, ಮೇ ತಿಂಗಳಲ್ಲಿ ಬೇಡ ಎಂದ. ಅವನ ಉತ್ತರಕ್ಕೆ ನಾನು ಹೆಚ್ಚು ಅರ್ಥ ಹಚ್ಚಲಿಲ್ಲ, ಆದರೆ ಟಿಕೆಟ್ ತೆಗೆಯಲಿಲ್ಲ. ಆ ದಿನಾಂಕ ಬಂದು ಹೋದ ಬೆಳಿಗ್ಗೆ ನಾನು ಅಮ್ಮನ ಹಿಂದೆ ಮೆಟ್ಟಿಲಿಳಿಯುತ್ತಿದ್ದೆ. ಈಗ ಅವಳ ಲೆಕ್ಕ 13 ಸೆಕೆಂಡು. ಏರುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು ಎಂದು ನಾನು ಕಲಿಸಿದ್ದನ್ನು ಪ್ರತಿ ಮೆಟ್ಟಿಲಿಗೂ ಬಾಯಲ್ಲೇ ಹೇಳಿಕೊಳ್ಳುತ್ತಾಳೆ. ಎರಡನೇ ಮಹಡಿಯಲ್ಲಿ ಆಜಿ ಒಬ್ಬರು ಹಾಲಿನ ಚೀಲ ಹಿಡಿದು ಏದುಸಿರು ಬಿಡುತ್ತಾ ಹತ್ತಿ ಬರುತ್ತಿದ್ದರು. ಅಮ್ಮ ಕಂಬಿ ಹಿಡಿದು ನಿಂತು, ಅವರ ಪಾದ ನೋಡಿ, ಯಾವ ಕಾಲು ಮೊದಲು ಇಡಬೇಕೆಂದು ಮರಾಠಿಯಲ್ಲಿ ಹೇಳಿಕೊಡತೊಡಗಿದಳು.