ಮೊಂತಿ ಹಬ್ಬದ ಸಂಜೆ: ಮೂವತ್ತೆರಡು ಮಕ್ಕಳು, ಐದು ಕಬ್ಬು

ಮಂಗಳೂರು ಕಡೆಯ ನಮ್ಮ ಚರ್ಚಿನಲ್ಲಿ ಮಕ್ಕಳಿಗೆ ಧರ್ಮಶಿಕ್ಷಣ ಕಲಿಸುತ್ತೇನೆ. ಹಾಗಾಗಿ ಸೆಪ್ಟೆಂಬರ್ 8ರಂದು ನಾವು ಕೆಥೊಲಿಕರು ಆಚರಿಸುವ ಹೊಸ ತೆನೆಯ ಹಬ್ಬ, ಮೊಂತಿ ಹಬ್ಬಕ್ಕೆ ನಮ್ಮ ವಾಳೆಯ (ಚರ್ಚಿಗೆ ಸೇರಿದ ನಮ್ಮ ವಾರ್ಡಿನ) ಮಕ್ಕಳಿಗೆ ಪಾರ್ಟಿ ಮಾಡುವ ಕೆಲಸ ನನ್ನ ತಲೆಗೇ ಬಿತ್ತು. ಎರಡು ಸಲ ಮಾಡಿದ್ದೇನೆ. ಮೊದಲ ಸಲ ಪೂರ್ತಿ ಎಡವಟ್ಟು.

ಮಾತೆ ಮರಿಯಮ್ಮ ಹುಟ್ಟಿದ ದಿನ ಅಲ್ವಾ, ಬರ್ತ್‌ಡೇ ಪಾರ್ಟಿಯೇ ಆಗಲಿ ಅಂದುಕೊಂಡೆ. ಬಲೂನು ಕಟ್ಟಿಸಿದೆ, ನಾಲ್ಕು ಕೆಜಿ ಕೇಕ್ ತರಿಸಿದೆ. ಮಧ್ಯಾಹ್ನ ಎರಡಕ್ಕೆ ಬನ್ನಿ ಎಂದೆ. ಮೂರಾದರೂ ಬಂದವರು ಆರೇ ಮಕ್ಕಳು. ಅವರೂ ಕೇಕನ್ನು ಸುಮ್ನೆ ನೋಡಿದರು, ತಿನ್ನಲಿಲ್ಲ. ತಪ್ಪು ನನ್ನದೇ. ಆ ದಿನ ಎಲ್ಲರ ಮನೆಯಲ್ಲೂ ಬಾಳೆಲೆ ಊಟ. ಮೀನು, ಮಾಂಸ ಇಲ್ಲ. ಹರಿವೆ ದಂಟು, ತೊಂಡೆಕಾಯಿ, ಬೆಂಡೆ, ಹಾಗಲ, ಹೀಗೆ ಐದೋ ಏಳೋ ಒಂಬತ್ತೋ ಪದಾರ್ಥ. ಬೆಸ ಸಂಖ್ಯೆಯೇ ಆಗಬೇಕು. ಮೇಲೆ ಪಾಯಸ. ದೂರದಲ್ಲಿ ಕೆಲಸ ಮಾಡುವವರೂ ಈ ಊಟಕ್ಕೆ ಮನೆಗೆ ಬಂದಿರುತ್ತಾರೆ. ಅದನ್ನು ಬಿಟ್ಟು ನನ್ನ ಕೇಕಿಗೆ ಯಾರು ಬರ್ತಾರೆ?

ಎರಡನೇ ವರ್ಷ ಸಂಜೆ ನಾಲ್ಕೂವರೆಗೆ ಇಟ್ಟೆ. ತಿನ್ನಲು ಕಬ್ಬು ಮತ್ತು ಕಡಲೆ ಮಾತ್ರ ಅಂದುಕೊಂಡೆ. ತಲೆ ಎಣಿಸುವ ಕೆಲಸವನ್ನು ಹಬ್ಬಕ್ಕೆ ಮುಂಚಿನ ಪ್ರಾರ್ಥನೆಯಾದ ನೊವೆನಾದಲ್ಲೇ ಮುಗಿಸಿದೆ. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಹೂ ಹಿಡಿದುಕೊಂಡು ಚರ್ಚಿಗೆ ಬಂದೇ ಬರುತ್ತಾರೆ, ಮತ್ತೆ ಮನೆ ಮನೆಗೆ ಫೋನ್ ಯಾಕೆ? ಐದನೇ ದಿನ ಎಣಿಸಿದರೆ ಮೂವತ್ತೆರಡು.

ಮೊದಲ ಆಟ ಹೂವಿನದು. ಅವರು ತರುವ ಹೂವಿನ ಹೆಸರು ಹೇಳಬೇಕು. ದಾಸವಾಳ, ಗೊಂಡೆ ಎಲ್ಲರಿಗೂ ಗೊತ್ತು. ಕರ್ಣಕುಂಡಲಕ್ಕೆ ಮಾತ್ರ 'ಪಿಂಕ್ ಫ್ಲವರ್' ಅಂದರು! ಕರೆದುಕೊಂಡು ಬಂದಿದ್ದ ಅಜ್ಜಿಯರು ಪಕ್ಕದಿಂದ ಪಿಸುಗುಟ್ಟಿ ಗೆಲ್ಲಿಸಿದರು. ಅದು ಮೋಸವೇ, ಆದರೆ ಬಿಟ್ಟೆ.

ಎರಡನೆಯದು ತೆನೆಯ ಆಟ. ಚರ್ಚಿನಲ್ಲಿ ಆಶೀರ್ವದಿಸಿ ಕೊಟ್ಟ ಹೊಸ ಭತ್ತದ ತೆನೆಯನ್ನು ಆಟಕ್ಕೆ ಬಳಸಬಾರದು. ಅದು ಮನೆಗೆ ಹೋಗಬೇಕು. ಅದರ ಕಾಳು ಸುಲಿದು, ಪುಡಿ ಮಾಡಿ, ಹಾಲಿಗೆ ಬೆರೆಸಿ ಹಿರಿಯರು ಎಲ್ಲರಿಗೂ ಕೊಡುತ್ತಾರೆ. ಹಾಗಾಗಿ ಗದ್ದೆ ಇರುವ ನೆರೆಯವರ ಹತ್ತಿರ ಬೇರೆಯೇ ಒಂದು ಹಿಡಿ ತೆನೆ ಕೇಳಿ ತಂದಿದ್ದೆ. ಆಟ ಇಷ್ಟೇ: ಉಗುರಿನಲ್ಲಿ ಹತ್ತು ಕಾಳು ಸುಲಿಯಬೇಕು, ಅಕ್ಕಿ ಮುರಿಯಬಾರದು. ಎರಡು ನಿಮಿಷದ ಆಟ ಅಂದುಕೊಂಡಿದ್ದೆ, ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತು ಹಾಲ್ ತುಂಬಾ ಒಂದು ಸದ್ದಿಲ್ಲ! ತೆನೆ ಪೂರ್ತಿ ಬಲಿತಿರಲಿಲ್ಲ. ಕೆಲವು ಕಾಳು ಒತ್ತಿದರೆ ಬಿಳಿ ರಸ ಬರುತ್ತಿತ್ತು. ಏಳು ವರ್ಷದ ಹುಡುಗಿಯೊಬ್ಬಳು ಬೆರಳು ನೆಕ್ಕಿ ನೋಡಿ ಕೇಳಿದಳು, "ಟೀಚರ್, ಇದರೊಳಗೆ ಹಾಲು ಯಾರು ಹಾಕಿದ್ದು?" ನಾನು ಉತ್ತರ ಹುಡುಕುವಷ್ಟರಲ್ಲಿ ಅವಳ ತಮ್ಮ "ದನ" ಅಂದ.

ಹೊರಗೆ ಮಳೆ. ಮೈದಾನದ ಆಟ ಯಾವುದೂ ಇಟ್ಟಿರಲಿಲ್ಲ, ಬಚಾವಾದೆ. ಸೆಪ್ಟೆಂಬರಿನ ಮಳೆಯನ್ನು ಇಲ್ಲಿ ನಂಬಬೇಡಿ.

ಕೇಕ್ ಪೂರ್ತಿ ಬಿಡಲು ಆಗಲಿಲ್ಲ, "ಬರ್ತ್‌ಡೇಗೆ ಕೇಕ್ ಬೇಡ್ವಾ?" ಎಂದು ಸಣ್ಣವರು ಮುಖ ಬಾಡಿಸಿದರು. ಅರ್ಧ ಕೆಜಿ ತಂದು ತುಂಡು ತುಂಡು ಮಾಡಿದೆ, ಸರಿಹೋಯಿತು.

ಕೊನೆಗೆ ಕಬ್ಬು. ಐದು ಕಬ್ಬು ಸಾಕಾಯಿತು. ಗಂಟು ಬಿಟ್ಟು ಕತ್ತರಿಸಿ, ದೊಡ್ಡವರಿಗೆ ಸಿಪ್ಪೆ ಸಮೇತ ಕೊಡಿ. ಹಲ್ಲಲ್ಲಿ ಸಿಗಿಯುವುದರಲ್ಲೇ ಅವರಿಗೆ ಮಜಾ. ಐದು ವರ್ಷದೊಳಗಿನವರಿಗೆ ಸಿಪ್ಪೆ ತೆಗೆದು ತೆಳ್ಳಗೆ ಸೀಳಿ, ಪಕ್ಕದಲ್ಲೇ ಕೂತುಕೊಳ್ಳಿ. ಜಗಿದ ಸಿಪ್ಪೆ ಹಾಕಲು ಬುಟ್ಟಿ ಇಡಿ. ನಾನು ಇಟ್ಟಿರಲಿಲ್ಲ, ಗುಡಿಸಿ ಸಾಕಾಯಿತು. ಮತ್ತೆ, ಕತ್ತಿ ಎರಡು ಇರಲಿ, ಕಡಿಯುವ ಜನವೂ ಇಬ್ಬರು. ಒಬ್ಬಳೇ ಕಡಿದು ನನ್ನ ಹೆಬ್ಬೆರಳ ಬುಡದಲ್ಲಿ ಎದ್ದ ಬೊಬ್ಬೆ ಒಂದು ವಾರ ಇತ್ತು.